ಎಡಗೈಗೆ ಸಿಕ್ಕ ಆರು ವಾರ

ಧನುರ್ಮಾಸ ಶುರುವಾಗಿ ನಾಲ್ಕನೇ ದಿನ. ಬೆಳಿಗ್ಗೆ ಐದೂವರೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ತರಲು ಒಳಗೆ ಹೋಗಿ ಬರುತ್ತಿದ್ದೆ. ಮೆಟ್ಟಿಲಿಗೆ ನೀರು ಹಾಕಿದವಳೂ ನಾನೇ, ಜಾರಿದವಳೂ ನಾನೇ. ಯಾರನ್ನೂ ಬೈಯುವ ಹಾಗೂ ಇಲ್ಲ. ಬೀಳುವಾಗ ಬಲಗೈ ತಾನಾಗಿ ಮುಂದೆ ಹೋಯಿತು. ಲಟಕ್ ಅಂತ ಶಬ್ದ, ಎಳೆ ನುಗ್ಗೆಕಾಯಿ ಮುರಿದ ಹಾಗೆ. ನೋವು ಆಮೇಲೆ ಬಂತು. ಮೊದಲು ಬಂದದ್ದು ಆಶ್ಚರ್ಯ: ಮಣಿಕಟ್ಟಿನ ಮೇಲೆ ಇಲ್ಲದ ಒಂದು ದಿಬ್ಬ ಎದ್ದಿತ್ತು, ಕೈ ನನ್ನದಲ್ಲ ಅನ್ನುವ ಹಾಗೆ ಸೊಟ್ಟಗಾಗಿತ್ತು.

"ರೀ..." ಅಂದೆ. ಅಷ್ಟೇ ಬಾಯಿಂದ ಹೊರಟಿದ್ದು.

ನಮ್ಮವರು ಮಂಕಿ ಕ್ಯಾಪಿನಲ್ಲೇ ಓಡಿ ಬಂದರು. ಮನುಷ್ಯ ಒಂದು ಲೋಟ ಕಾಫಿ ಬೆರೆಸಲು ಮೂರು ಸಲ ಸಕ್ಕರೆ ಡಬ್ಬಿ ಎಲ್ಲಿ ಅಂತ ಕೇಳುವವರು. ಆದರೆ ಅವತ್ತು ಹಿಂದಿನ ದಿನದ ಪೇಪರನ್ನು ದಪ್ಪಗೆ ಮಡಚಿ, ಕೈ ಕೆಳಗೆ ದೋಣಿ ಥರ ಇಟ್ಟು, ಮೇಲೆ ಟವೆಲ್ ಸುತ್ತಿ, ನನ್ನದೇ ಹಳೇ ದುಪಟ್ಟಾದಲ್ಲಿ ಕುತ್ತಿಗೆಗೆ ತೂಗುಹಾಕಿದರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ಹೇಳಿಕೊಟ್ಟಿದ್ದರಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಈ ವಿದ್ಯೆ ಹೊರಗೆ ಬಂದದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಸಿಸ್ಟರ್ ಕೈ ನೋಡುವ ಮೊದಲು ನೋಡಿದ್ದು ಉಂಗುರ. "ಅಮ್ಮಾ, ಬಳೆ ಉಂಗುರ ಈಗಲೇ ತೆಗೀಬೇಕು. ಊತ ಜಾಸ್ತಿ ಆದ್ರೆ ಕತ್ತರಿಸೋದೇ ಗತಿ." ಬಳೆಗಳು ಸೋಪಿನ ನೀರಿಗೆ ಜಾರಿ ಬಂದವು. ಉಂಗುರ ಬರಲಿಲ್ಲ. ಮದುವೆಯಾದಾಗಿನಿಂದ ತೆಗೆದೇ ಇರಲಿಲ್ಲ, ಬೆರಳೇ ಅದರ ಸುತ್ತ ಬೆಳೆದುಬಿಟ್ಟಿತ್ತು. ಆಗ ಆ ಹುಡುಗಿ ಒಂದು ಉದ್ದದ ದಾರ ತಂದಳು. ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿದಳು. ಉಳಿದದ್ದನ್ನು ಉಂಗುರದಿಂದ ಬೆರಳ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಿದಳು, ಬುಗುರಿಗೆ ಚಾಟಿ ಸುತ್ತುವ ಹಾಗೆ. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಒಂದೊಂದೇ ಸುತ್ತು ಬಿಚ್ಚುತ್ತಾ ಬಂದಳು. ಒಂದು ಸುತ್ತು ಬಿಚ್ಚಿದರೆ ಉಂಗುರ ಒಂದು ಹೆಜ್ಜೆ ಮುಂದೆ. ಕಣ್ಣಲ್ಲಿ ನೀರು ಬಂತು, ಆದರೆ ಉಂಗುರವೂ ಬಂತು. ಬೀಳುವವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದೇ: ಮುರಿದಿದೆಯೋ ಉಳುಕಿದೆಯೋ ಆಮೇಲೆ ನೋಡೋಣ, ಮೊದಲು ಉಂಗುರ ತೆಗೆಯಿರಿ.

ಎಕ್ಸ್‌ರೇ ನೋಡಿ ಡಾಕ್ಟರು "ಕಾಲಿಸ್ ಫ್ರ್ಯಾಕ್ಚರ್" ಅಂದರು. ಮುಂಗೈಯಲ್ಲಿ ಹೆಬ್ಬೆರಳ ಕಡೆ ಇರುವ ರೇಡಿಯಸ್ ಮೂಳೆ ಮಣಿಕಟ್ಟಿನ ಹತ್ತಿರ ಮುರಿದು ಹಿಂದಕ್ಕೆ ಸರಿದಿದೆ. ಅಂಗೈ ಊರಿ ಬಿದ್ದವರಿಗೆ, ಅದರಲ್ಲೂ ಐವತ್ತು ದಾಟಿದ ಹೆಂಗಸರಿಗೆ ಬಹಳ ಆಗುವಂಥದ್ದಂತೆ. ನನಗೆ ಐವತ್ತಾರು. ಕಾಲಿಸ್ ಅನ್ನುವುದು ಡಬ್ಲಿನ್‌ನ ಒಬ್ಬ ಸರ್ಜನ್ ಹೆಸರು. ಅವರು ಈ ಮುರಿತದ ಬಗ್ಗೆ ಬರೆದದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಒಳಗೆ ಏನೂ ಕಾಣದ ಕಾಲದಲ್ಲಿ, ಬರೀ ಕೈಯ ಆಕಾರ ನೋಡಿ, ಮುಟ್ಟಿ ಹೇಳಿದ್ದು. ಇದನ್ನು ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಓದಿ ಹೇಳಿದಳು. ಅವಳಿಗೆ ಗಾಬರಿಯಾದರೆ ಇಂಥದ್ದೆಲ್ಲ ಹುಡುಕುವುದು ಅಭ್ಯಾಸ.

ಮುರಿದ ಜಾಗಕ್ಕೆ ಇಂಜೆಕ್ಷನ್ ಕೊಟ್ಟು, ಒಬ್ಬರು ಮೊಣಕೈ ಮೇಲೆ ಹಿಡಿದು, ಡಾಕ್ಟರು ಬೆರಳುಗಳನ್ನು ಹಿಡಿದು ಎಳೆದರು. ಸೊಂಟ ಬಗ್ಗಿಸಿ ಬಾವಿಯಿಂದ ಕೊಡ ಸೇದುವಂಥ ಎಳೆತ. ಒಳಗೆ ಏನೋ ಜರುಗಿ ಕೂತಿತು. ಆಮೇಲೆ ನೆನೆಸಿದ ಪಟ್ಟಿ. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಣ ಪುಡಿಗೆ ನೀರು ಸೇರಿ ಅದು ಮತ್ತೆ ಜಿಪ್ಸಂ ಆಗುವಾಗ ಹುಟ್ಟುವ ಬಿಸಿ ಅದು. ಆ ಚಳಿಗೆ ಇಡ್ಲಿ ತಟ್ಟೆಯಿಂದ ಆಗ ತಾನೇ ತೆಗೆದ ಬಟ್ಟೆ ಸುತ್ತಿದ ಹಾಗೆ ಹಾಯಾಗಿತ್ತು. ಅವತ್ತಿನ ದಿನದಲ್ಲಿ ಹಾಯಾದದ್ದು ಅದೊಂದೇ.

"ಆರು ವಾರ," ಅಂದರು ಡಾಕ್ಟರು. "ಕೈ ಎದೆಗಿಂತ ಮೇಲೆ ಇಟ್ಕೊಳ್ಳಿ. ಬೆರಳು ಆಡಿಸ್ತಾ ಇರಿ. ನೀರು ತಾಗಿಸಬೇಡಿ. ಕೆರೆತ ಅಂತ ಒಳಗೆ ಕಡ್ಡಿ ಹಾಕಬೇಡಿ. ಬೆರಳು ನೀಲಿ ಆದ್ರೆ, ಜೋಮು ಹಿಡಿದ್ರೆ ರಾತ್ರಿಯಾದ್ರೂ ಸರಿ ಬನ್ನಿ."

ರಾತ್ರಿಯೇ ಆಯಿತು. ಎರಡನೇ ದಿನ ಹನ್ನೊಂದು ಗಂಟೆಗೆ ಬೆರಳುಗಳು ಹಲಸಿನ ತೊಳೆಯ ಹಾಗೆ ಉಬ್ಬಿ, ತಣ್ಣಗಾಗಿ, ಬಣ್ಣ ತಿರುಗಿದವು. "ಬೆಳಿಗ್ಗೆ ನೋಡೋಣ" ಅಂದೆ ನಾನು. ನಮ್ಮವರು ಕೇಳಲಿಲ್ಲ, ಆಟೋ ಕರೆದರು. ಅಲ್ಲಿ ಪಟ್ಟಿ ಬಿಗಿಯಾಗಿದೆ ಅಂತ ಮೇಲಿನ ಬ್ಯಾಂಡೇಜು ಉದ್ದಕ್ಕೆ ಕತ್ತರಿಸಿ ಸಡಿಲ ಮಾಡಿದರು. ಎರಡೇ ನಿಮಿಷದ ಕೆಲಸ. ಹತ್ತೇ ನಿಮಿಷಕ್ಕೆ ಬೆರಳಿಗೆ ಜೀವ ಬಂತು. ಬೆಳಿಗ್ಗೆವರೆಗೆ ಕಾದಿದ್ದರೆ ಏನಾಗುತ್ತಿತ್ತು ಅಂತ ಡ್ಯೂಟಿ ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಸಂಕೋಚ ಪಡಬೇಡಿ, ಅಷ್ಟೇ.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಆರು ವಾರದ ನಿಜವಾದ ಕಥೆ ಇರುವುದು ಅಲ್ಲೇ.

ನಮ್ಮಲ್ಲಿ ಎರಡು ಕೈಗೂ ಹುಟ್ಟಿದಾಗಲೇ ಕೆಲಸ ಹಂಚಿರುತ್ತದೆ. ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು, ಕುಂಕುಮ ಇಡುವುದು ಬಲಗೈಗೆ. ಎಡಗೈಗೆ ಒಂದೇ ಡ್ಯೂಟಿ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಕೋಡುಬಳೆ ಹಿಡಿದದ್ದಕ್ಕೆ ಅಜ್ಜಿ ಕೈಮೇಲೆ ಸೌಟಿನಲ್ಲಿ ಕೊಟ್ಟದ್ದು ಇನ್ನೂ ನೆನಪಿದೆ. ಈಗ ಮನೆಯಲ್ಲಿ ಇದ್ದದ್ದು ಆ ಒಂದೇ ಕೈ, ಎರಡೂ ಡ್ಯೂಟಿ ಅದಕ್ಕೇ. ಸೋಪು ಎಷ್ಟು ಸಲ ಹಾಕಿ ತೊಳೆದರೂ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲ ಎರಡು ದಿನ ನಮ್ಮವರೇ ತುತ್ತು ಕೊಟ್ಟರು. ಸಿನಿಮಾದಲ್ಲಿ ಗಂಡ ಹೆಂಡತಿಗೆ ಕೈತುತ್ತು ಕೊಡುವುದು ಚೆನ್ನಾಗಿರುತ್ತದೆ. ನಿಜದಲ್ಲಿ ಅವರು ಒಂದು ತುತ್ತು ಕಲಸಿ, ಕೈ ಅರ್ಧಕ್ಕೆ ತಂದು, ಟಿವಿಯಲ್ಲಿ ಏನೋ ಸುದ್ದಿ ಬಂತು ಅಂತ ಆ ಕಡೆ ತಿರುಗುತ್ತಾರೆ. ನಾನು ಗುಬ್ಬಿ ಮರಿ ಥರ ಬಾಯಿ ತೆರೆದುಕೊಂಡು ಕೂತಿರಬೇಕು. ತುತ್ತೋ, ಮಗುವಿಗೆ ಕೊಡುವ ಗಾತ್ರದ್ದು. ಒಂದು ತಟ್ಟೆ ಅನ್ನ ಮುಗಿಯಲು ಐವತ್ತು ನಿಮಿಷ. ಮೂರನೇ ದಿನ "ಚಮಚ ಕೊಡಿ ಸಾಕು" ಅಂದೆ.

ಚಮಚ ಇದ್ದರೆ ಎಡಗೈಗೂ ಮಾಫಿ. ಅದೊಂದು ವಿಚಿತ್ರ. ಅನ್ನ ಸಾರು ನಡೆಯಿತು. ಉಪ್ಪಿಟ್ಟು ನಡೆಯಿತು. ದೋಸೆಯನ್ನು ಕತ್ತರಿಯಲ್ಲಿ ಕತ್ತರಿಸಿ ಕೊಡಲು ಹೇಳಿದೆ. ಆದರೆ ಮುದ್ದೆ? ಮುದ್ದೆಯನ್ನು ಚಮಚದಲ್ಲಿ ತಿಂದು ನೋಡಿ. ಅದು ಚಮಚಕ್ಕೆ ಅಂಟುತ್ತದೆ, ತುಟಿಗೆ ಅಂಟುತ್ತದೆ, ಹಲ್ಲಿಗೆ ಅಂಟುತ್ತದೆ, ಗಂಟಲಿಗೆ ಮಾತ್ರ ಇಳಿಯುವುದಿಲ್ಲ. ಮುದ್ದೆಗೆ ಬೆರಳೇ ಬೇಕು. ಮುರಿದು, ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಜಾರಿಬಿಡಬೇಕು. ಒಂದು ಮಧ್ಯಾಹ್ನ ನಮ್ಮವರು ಹೊರಗೆ ಹೋಗಿದ್ದಾಗ ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡು ಎಡಗೈಯಲ್ಲೇ ಮುದ್ದೆ ಮುರಿದೆ. ಬಸ್ಸಾರು ಮೊಣಕೈವರೆಗೆ ಇಳಿಯಿತು. ಉರುಟಾಗಲಿಲ್ಲ, ಪಿಚಕ್ ಅಂತ ಬೆರಳ ಸಂದಿಯಲ್ಲಿ ಬಂತು. ಆದರೂ ಎರಡು ಮುದ್ದೆ ತಿಂದೆ. ಅತ್ತೆಯವರ ಫೋಟೋ ಇರುವುದು ಹಾಲ್‌ನಲ್ಲಿ, ಅಡುಗೆಮನೆಯಲ್ಲಲ್ಲ. ಅದೊಂದು ಅನುಕೂಲ.

ಬಟ್ಟೆಯ ಪಾಡು ಕೇಳಬೇಡಿ. ಒಂದು ಕೈಯಲ್ಲಿ ಸೀರೆ ಉಡಬಹುದು ಅನ್ನುವವರು ನೆರಿಗೆ ಹಿಡಿದು ತೋರಿಸಲಿ. ಆರು ವಾರ ನೈಟಿಯೇ ನೈಟಿ. ಬಲಗಡೆ ತೋಳಿನ ಹೊಲಿಗೆ ಬಿಚ್ಚಿ, ಟಿಚ್ ಬಟನ್ ಹಾಕಿಸಿದೆ. ಹಾಕುವಾಗ ಮುರಿದ ಕೈ ಮೊದಲು, ತೆಗೆಯುವಾಗ ಒಳ್ಳೆ ಕೈ ಮೊದಲು. ಇದನ್ನು ಉಲ್ಟಾ ಮಾಡಿ ನೈಟಿಯೊಳಗೆ ಸಿಕ್ಕಿಹಾಕಿಕೊಂಡು, ಕಣ್ಣು ಕಾಣದೆ ಬಾತ್‌ರೂಮಿನಲ್ಲಿ ನಿಂತದ್ದಿದೆ. ಸ್ನಾನಕ್ಕೆ ಕೈಗೆ ಎರಡು ಪ್ಲಾಸ್ಟಿಕ್ ಕವರ್, ನಡುವೆ ಒಂದು ಟವೆಲ್, ಮೇಲೆ ಅಗಲದ ರಬ್ಬರ್ ಬ್ಯಾಂಡ್. ಒಂದೇ ಕವರ್ ನಂಬಬೇಡಿ. ಬಟ್ಟೆ ಅಂಗಡಿ ಕವರಿನ ತಳದಲ್ಲಿ ಕಣ್ಣಿಗೆ ಕಾಣದ ತೂತು ಇರುತ್ತದೆ.

ಜಡೆ ನಮ್ಮವರ ಪಾಲಿಗೆ ಬಂತು. ಮೂರು ಕಾಲು ಹೆಣೆಯುವುದು ಬರುವುದಿಲ್ಲ ಅಂತ ಮೊದಲ ದಿನ ರಬ್ಬರ್ ಬ್ಯಾಂಡ್ ಹಾಕಿ ಕುದುರೆ ಬಾಲ ಮಾಡಿದರು. ನಾಲ್ಕನೇ ದಿನ ಯೂಟ್ಯೂಬ್ ನೋಡಿ ಕಲಿತರು. ಎರಡನೇ ವಾರದಲ್ಲಿ "ನೆತ್ತಿ ಹತ್ರ ಸ್ವಲ್ಪ ಲೂಸ್ ಬಿಡ್ಲಾ?" ಅಂತ ಕೇಳುವ ಮಟ್ಟಕ್ಕೆ ಬಂದಿದ್ದರು. ಅಡುಗೆಯಲ್ಲಿ ಮಾತ್ರ ನಾನು ಸ್ಟೂಲ್ ಹಾಕಿ ಕೂತು ಡೈರೆಕ್ಷನ್ ಮಾಡಬೇಕಿತ್ತು. "ಸಾಸಿವೆ ಸಿಡಿದ ಮೇಲೆ" ಅಂದರೆ ಎಷ್ಟು ಸಿಡಿದ ಮೇಲೆ ಅಂತ ಕೇಳುತ್ತಾರೆ. ನಾನೇ ಮಾಡಿಕೊಂಡದ್ದು ಕೆಲವೇ. ಡಬ್ಬಿ ಮುಚ್ಚಳವನ್ನು ಮಂಡಿ ನಡುವೆ ಹಿಡಿದು ತೆಗೆಯುವುದು. ಹೆಚ್ಚುವ ಹಲಗೆ ಕೆಳಗೆ ಒದ್ದೆ ಬಟ್ಟೆ ಹಾಕಿ, ಅರ್ಧ ಸೀಳಿದ ಬದನೆಕಾಯಿಯನ್ನು ಮಕಾಡೆ ಮಲಗಿಸಿ ಕತ್ತರಿಸುವುದು. ದೋಸೆ ಹುಯ್ಯಲು ಹೋದಾಗ ಒಂದು ತಮಾಷೆಯಾಯಿತು. ಹಿಟ್ಟು ಕಾವಲಿಗೆ ಬಿತ್ತು, ಸೌಟು ಮಾತ್ರ ಅಲ್ಲೇ ನಿಂತಿತು. ಬಲಕ್ಕೆ ತಿರುಗಿಸುವುದೋ ಎಡಕ್ಕೋ ಎಡಗೈಗೆ ಗೊತ್ತಿಲ್ಲ! ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ದೋಸೆ ಹುಯ್ದಿದ್ದೇನೋ, ಈ ಕೈ ಒಂದನ್ನೂ ಗಮನಿಸಿರಲಿಲ್ಲ.

ನೋಡಲು ಬಂದವರೆಲ್ಲ ಒಂದೊಂದು ವೈದ್ಯ ಹೇಳಿದರು. ಅತ್ತಿಗೆಯದು ಪುತ್ತೂರು ಕಟ್ಟು. "ಈ ಸುಣ್ಣದ ಕೈ ಯಾಕೆ? ಪುತ್ತೂರಿಗೆ ಹೋಗು, ಸೊಪ್ಪು ಮೊಟ್ಟೆ ಹಾಕಿ ಬಿದಿರು ದಬ್ಬೆ ಕಟ್ತಾರೆ." ನಮ್ಮವರು ಮಂಗಳೂರು ಕಡೆಯ ಪುತ್ತೂರು ಅಂದುಕೊಂಡು ಬಸ್ಸು ಎಷ್ಟೊತ್ತಿಗೆ ಅಂತ ಲೆಕ್ಕ ಹಾಕಿದರು. ಅದು ಆಂಧ್ರದ ಪುತ್ತೂರು. ಆ ಕಟ್ಟಿನಿಂದ ವಾಸಿಯಾದವರು ಊರು ತುಂಬ ಇದ್ದಾರೆ, ಸೊಟ್ಟ ಕೂಡಿಕೊಂಡು ಮತ್ತೆ ಆಪರೇಷನ್ ಮಾಡಿಸಿದವರೂ ನಮ್ಮ ನೆಂಟರಲ್ಲೇ ಇದ್ದಾರೆ. ಮೂಳೆ ಸರಿಯಾಗಿ ಕೂತಿದೆಯಾ ಅಂತ ವಾರಕ್ಕೊಮ್ಮೆ ಎಕ್ಸ್‌ರೇ ತೋರಿಸುವ ಕಡೆಯೇ ಇರುತ್ತೇನೆ ಅಂದೆ. ಅತ್ತಿಗೆ ಒಂದು ವಾರ ಫೋನ್ ಮಾಡಲಿಲ್ಲ.

ಎದುರು ಮನೆಯವರು ಮಂಗರವಳ್ಳಿ ತಂದುಕೊಟ್ಟರು. ಸಂದುಬಳ್ಳಿ ಅಂತಲೂ ಹೇಳುತ್ತಾರೆ, ನೋಡಲೂ ಮೂಳೆ ಮೂಳೆ ಜೋಡಿಸಿದ ಹಾಗೇ ಇರುತ್ತದೆ. ಅದನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಹುಣಸೆಹಣ್ಣು ಹಾಕಿ ಚಟ್ನಿ ಮಾಡಬೇಕು. ನಮ್ಮವರು ಅರೆಬರೆ ಹುರಿದರು. ತಿಂದ ಐದು ನಿಮಿಷಕ್ಕೆ ನಾಲಿಗೆ, ಗಂಟಲು ಎಲ್ಲ ತುರಿಕೆ. ಪ್ಲಾಸ್ಟರ್ ಒಳಗೆ ಕೆರೆತ ಮೊದಲೇ ಇತ್ತು, ಈಗ ಬಾಯೊಳಗೂ. ಎರಡು ಕಡೆಯೂ ಕೆರೆಯಲಾಗದ ಜಾಗ.

ಆ ಕೆರೆತ ಅನುಭವಿಸಿದವರಿಗೇ ಗೊತ್ತು. ಸ್ವೆಟರ್ ಹೆಣೆಯುವ ಕಡ್ಡಿ ಕಪಾಟಿನಿಂದ ನನ್ನನ್ನು ಕರೆಯುತ್ತಿತ್ತು. ಒಳಗೆ ಚರ್ಮ ಗೀರಿದರೆ ಗಾಯವಾಗಿ, ಕಾಣದೆ ಕೀವಾಗುತ್ತದೆ ಅಂದಿದ್ದರಿಂದ ಕಡ್ಡಿಯನ್ನು ಮಗಳ ಹಳೇ ರೂಮಿನ ಅಟ್ಟದ ಮೇಲೆ ಹಾಕಿಸಿದೆ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಟ್ಟುಕೊಳ್ಳುವುದು, ಪ್ಲಾಸ್ಟರ್ ಮೇಲೆ ಬೆರಳಿನಿಂದ ಟಕ್ ಟಕ್ ಅಂತ ಬಡಿಯುವುದು, ಇಷ್ಟೇ ಉಪಾಯ. ರಾತ್ರಿ ಎರಡು ಗಂಟೆಗೆ ನಾನು ಬಡಿದುಕೊಳ್ಳುತ್ತಿದ್ದರೆ ನಮ್ಮವರು ಬಾಗಿಲಿಗೆ ಯಾರೋ ಬಂದರು ಅಂತ ಎದ್ದು ಕೂರುತ್ತಿದ್ದರು.

ನೋವು ಹತ್ತು ದಿನಕ್ಕೆ ಇಳಿಯಿತು. ಆಮೇಲಿನದು ಹೊತ್ತು ಹೋಗದ ಕಷ್ಟ. ಕೈಗೆ ಕೆಲಸವಿಲ್ಲದೆ ನಾನು ಒಂದು ದಿನ ಕೂತವಳಲ್ಲ. ಫೋನ್ ಇದೆಯಲ್ಲ ಅನ್ನುತ್ತಾರೆ. ಎಡಗೈಯಲ್ಲಿ ಹಿಡಿದು ಎಡ ಹೆಬ್ಬೆರಳಲ್ಲೇ ತಳ್ಳುತ್ತಾ ಹೋದರೆ ಎರಡು ದಿನಕ್ಕೆ ಆ ಹೆಬ್ಬೆರಳೂ ನೋವು. ಇದ್ದ ಒಂದು ಕೈಯನ್ನೂ ಕಳೆದುಕೊಳ್ಳುವುದು ಬೇಡ ಅಂತ ಇಟ್ಟುಬಿಟ್ಟೆ. ಟೈಪ್ ಮಾಡುವ ಬದಲು ಮಾತಾಡಿ ಅಂತ ಮಗಳು ಹೇಳಿಕೊಟ್ಟಳು. ಫೋನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಮೈಸೂರು ಕನ್ನಡ ಒಂದೊಂದು ಸಲ ಅದರ ಕಿವಿಗೆ ಬೇರೆ ಥರ ಬೀಳುತ್ತದೆ. "ನನ್ನ ಬಲಗೈ ಮುರಿದಿದೆ" ಅಂದೆ. "ನನ್ನ ಬಲಗೈ ಮುಗಿದಿದೆ" ಅಂತ ಮನೆಯವರ ಗ್ರೂಪಿಗೆಲ್ಲ ಹೋಯಿತು. ಹಾಸನದಿಂದ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದರು.

ಕೊನೆಗೆ ಕೈ ಹಿಡಿದದ್ದು ರೇಡಿಯೋ. ನಾವಿರುವುದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ರೇಡಿಯೋ ಶುರು ಮಾಡಿದ್ದು ಇದೇ ಕಡೆ. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಇಲ್ಲಿಂದ. ಅಷ್ಟು ಹತ್ತಿರವಿದ್ದೂ ನಾನು ರೇಡಿಯೋ ಹಾಕಿ ಎಷ್ಟೋ ವರ್ಷವಾಗಿತ್ತು. 100.6ಕ್ಕೆ ತಿರುಗಿಸಿಟ್ಟರೆ ಕೈ ಬೇಡ, ಕಣ್ಣು ಬೇಡ. ಕೃಷಿ ಕಾರ್ಯಕ್ರಮವನ್ನೂ ಬಿಡದೆ ಕೇಳಿದೆ. ಅಡಿಕೆ ತೋಟ ಇರುವವರಿಗೆ ನಾನೀಗ ಸಲಹೆ ಕೊಡಬಲ್ಲೆ.

ಓದುವುದಕ್ಕೂ ಒಂದು ದಾರಿ ಸಿಕ್ಕಿತು. ಪುಸ್ತಕ ಹಿಡಿದ ಕೈಯಲ್ಲೇ ಹಾಳೆ ತಿರುಗಿಸಬೇಕಲ್ಲ, ದಪ್ಪ ಪುಸ್ತಕ ಎರಡು ಸಲ ಮುಖದ ಮೇಲೆ ಬಿತ್ತು. ಆಗ ನೆನಪಾಯಿತು, ನಮ್ಮ ಮಾವನವರ ವ್ಯಾಸಪೀಠ. ದಿನಾ ಬೆಳಿಗ್ಗೆ ಅದರ ಮೇಲೆ ಗ್ರಂಥ ಇಟ್ಟುಕೊಂಡು ಪಾರಾಯಣ ಮಾಡುತ್ತಿದ್ದರು. ಅವರು ಹೋದ ಮೇಲೆ ದೇವರ ಮನೆ ಮೂಲೆ ಸೇರಿತ್ತು. ಧೂಳು ಒರೆಸಿ ಬಿಚ್ಚಿಟ್ಟೆ. ಎರಡು ಹಲಗೆ ಕತ್ತರಿಯಂತೆ ತೆರೆದು ನಿಂತಿತು, ಪುಸ್ತಕ ತಾನಾಗಿ ಕೂತಿತು. ಹಾಳೆ ಹಾರದ ಹಾಗೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು. ಮಾವನವರು ಭಾಗವತ ಓದಿದ ಪೀಠದ ಮೇಲೆ ನಾನು ಹನ್ನೊಂದು ಪತ್ತೇದಾರಿ ಕಾದಂಬರಿ ಮುಗಿಸಿದೆ.

ಬ್ಯಾಂಕಿನದೊಂದು ಸಣ್ಣ ಪ್ರಸಂಗ. ಹಣ ತೆಗೆಯಲು ಎಡಗೈಯಲ್ಲಿ ಸಹಿ ಮಾಡಿದೆ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. ಕೌಂಟರಿನ ಹುಡುಗ ಸಹಿ ಹೊಂದುವುದಿಲ್ಲ ಅಂದ. ಪ್ಲಾಸ್ಟರ್ ಎತ್ತಿ ತೋರಿಸಿದೆ. "ಗುಣ ಆದ್ಮೇಲೆ ಬನ್ನಿ ಮೇಡಂ" ಅಂದ. ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಕೇಳಿದರೆ, ಹೆಬ್ಬೆಟ್ಟು ಒತ್ತಬಹುದು, ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಬೇಕು ಅಂದರು. ಕೈ ಹೆಬ್ಬೆರಳು ಆಗದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆಯಂತೆ. ಎಂ.ಎ. ಕನ್ನಡ ಮಾಡಿದವಳು ಎಡಗೈ ಹೆಬ್ಬೆಟ್ಟು ಒತ್ತಿ ಬಂದೆ.

ಪುಟ್ಟಿ ಬಂದದ್ದು ಮೂರನೇ ವಾರ. ಪಕ್ಕದ ಮನೆ ಹುಡುಗಿ, ನಾಲ್ಕನೇ ಕ್ಲಾಸು. ಬಂದವಳು ಪ್ಲಾಸ್ಟರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಬೆಕ್ಕು ಬರೆದಳು. ಎಡಗೈಯಲ್ಲಿ. ಮೀಸೆ ಒಂದೊಂದೂ ನೆಟ್ಟಗೆ. ನಾನು ಆ ಕೈಯನ್ನೇ ನೋಡುತ್ತಿದ್ದೆ.

"ಆಂಟಿ, ನಿಮ್ಗೂ ಈಗ ಎಡಗೈನಾ?" ಅಂತ ಕೇಳಿದಳು. ದನಿಯಲ್ಲಿ ಖುಷಿಯೇ ಜಾಸ್ತಿ.

ಅವಳೇ ನನಗೆ ಎಡಗೈ ಬರಹ ಕಲಿಸಿದಳು. ಹಾಳೆಯನ್ನು ನೆಟ್ಟಗಿಡಬಾರದು, ಬಲಕ್ಕೆ ಓರೆ ಮಾಡಿಕೊಳ್ಳಬೇಕು. ಪೆನ್ನನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಯಬೇಕು, ಇಲ್ಲದಿದ್ದರೆ ಬರೆದದ್ದರ ಮೇಲೇ ಕೈ ಉಜ್ಜಿ ಅಂಗೈ ಅಂಚೆಲ್ಲ ಇಂಕು. ನನ್ನ "ಅ" ಮೊದಲ ದಿನ ಬಾಲ ಸುಟ್ಟ ಹಲ್ಲಿಯಂತಿತ್ತು. ಪುಟ್ಟಿ "ಪರ್ವಾಗಿಲ್ಲ, ಇನ್ನೊಂದ್ಸಲ" ಅಂದಳು, ಥೇಟ್ ಟೀಚರ್ ಥರ. ಅದೇ ಧೈರ್ಯದಲ್ಲಿ ಮಾರನೇ ದಿನ ಬಾಗಿಲಿಗೆ ಎಡಗೈಯಲ್ಲೇ ರಂಗೋಲಿ ಇಟ್ಟೆ. ಐದು ಚುಕ್ಕಿಯದು. ಚುಕ್ಕಿ ಪರವಾಗಿಲ್ಲ. ಗೆರೆ ಎಳೆಯಲು ಹೋದರೆ ಪುಡಿ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಖಾಲಿ. ಹಾಲಿನವನು "ಏನಮ್ಮಾ, ಮೊಮ್ಮಕ್ಕಳು ಬಂದಿದ್ದಾರಾ?" ಅಂತ ಕೇಳಿದ. ಹೌದಪ್ಪ ಅಂದೆ.

ಸಂಜೆ ಚೌಕಾಬಾರ. ಒಂದೇ ಕೈ ಸಾಕಾಗುವ ಆಟ ಯಾವುದು ಅಂತ ಹುಡುಕುತ್ತಿದ್ದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟ ಕಟ್ಟಿದ ಊರು ನಮ್ಮದು. ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ಕಟ್ಟೆಗಳಿಗೆ ಕತ್ತರಿ ಗುರುತು ಹಾಕಿ, ನಾಲ್ಕು ಕವಡೆ ಹುಡುಕಿದೆವು. ಅವಳ ಕಾಯಿ ಹುಣಸೆ ಬೀಜ, ನನ್ನದು ಕಡಲೆಕಾಳು. ನಾಲ್ಕೂ ಕವಡೆ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕವುಚಿಕೊಂಡರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಆಟ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಪುಟ್ಟಿ ದಯೆ ದಾಕ್ಷಿಣ್ಯ ಇಲ್ಲದೆ ಹೊಡೆಯುತ್ತಾಳೆ. ಹಣ್ಣಾಗಲು ಒಂದೇ ಮನೆ ಇದ್ದಾಗ ನನ್ನ ಕಾಯಿ ಎಷ್ಟು ಸಲ ಮನೆಗೆ ವಾಪಸ್ ಬಂದಿದೆಯೋ. "ಆಂಟಿ, ಕೈ ಮುರ್ದಿದ್ರೆ ಆಟದಲ್ಲಿ ಬಿಟ್ಬಿಡ್ಬೇಕು ಅಂತ ರೂಲ್ಸ್ ಇಲ್ಲ."

ನಮ್ಮವರು ಪೇಪರ್ ಹಿಂದಿನಿಂದ ಚಂದ್ರಶೇಖರ್ ಕಥೆ ತೆಗೆದರು. ಅವರಿಗೆ ಯಾವ ವಿಷಯ ಸಿಕ್ಕರೂ ಕೊನೆಗೆ ಕ್ರಿಕೆಟ್ಟು. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡು ಎಸೆಯುತ್ತಿದ್ದದ್ದು ಎಡಗೈಯಲ್ಲಿ. ಆದರೆ ಬೌಲಿಂಗ್ ಅದೇ ಸೊರಗಿದ ಬಲಗೈಯಲ್ಲಿ. 58 ಟೆಸ್ಟು, 242 ವಿಕೆಟ್ಟು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆದ್ದುಕೊಟ್ಟರು. "ಅಂಥಾ ಕೈಲಿ ಅವರು ಅಷ್ಟು ಮಾಡಿದ್ರು" ಅಂದರು. "ನಾನು ಬೀನ್ಸ್ ಬಿಡಿಸಿದ್ರೆ ಸಾಕಾ?" ಅಂದೆ. ಪುಟ್ಟಿ ಮಾತ್ರ ಕಣ್ಣು ಬಿಟ್ಟು ಕೇಳಿದಳು. ಟೆಸ್ಟಿನಲ್ಲಿ ಅವರು ಹೊಡೆದ ರನ್ನು 167, ವಿಕೆಟ್ಟಿಗಿಂತ ಕಮ್ಮಿ ಅನ್ನುವುದು ಅವಳಿಗೆ ಬಹಳ ಇಷ್ಟವಾಯಿತು.

ನಾಲ್ಕನೇ ವಾರದಲ್ಲಿ ಸಂಕ್ರಾಂತಿ. ಪ್ರತಿ ವರ್ಷ ಕೊಬ್ಬರಿ ಕಪ್ಪು ಹೆರೆದು, ಕೊಬ್ಬರಿ ಬೆಲ್ಲ ಎರಡನ್ನೂ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪಗೆ ಹೆಚ್ಚುವುದು ನಾನೇ. ಬೀದಿಯಲ್ಲಿ ನನ್ನ ಎಳ್ಳಿಗೆ ಹೆಸರಿದೆ, ಸುಮ್ನೆ ಹೇಳುತ್ತಿಲ್ಲ. ಈ ಸಲ ಅಂಗಡಿ ಎಳ್ಳು. ಬೆಲ್ಲ ಬೆಟ್ಟದಷ್ಟು, ಕೊಬ್ಬರಿ ಕಾಣುವುದೇ ಇಲ್ಲ. ಅದಿರಲಿ, ಬೀರುವುದು ಹೇಗೆ? ಹಬ್ಬದ ದಿನ ಎಡಗೈಯಲ್ಲಿ ಎಳ್ಳು ಕೊಟ್ಟರೆ ತೆಗೆದುಕೊಳ್ಳುವವರು ಯಾರು? ಕೊನೆಗೆ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಪ್ಲಾಸ್ಟರಿನಿಂದ ಹೊರಗಿದ್ದ ಬಲಗೈ ಬೆರಳ ತುದಿಯನ್ನು ಅಂಚಿಗೆ ತಾಗಿಸಿ ಕೊಟ್ಟೆ. ಕುಂಕುಮವನ್ನೂ ಅದೇ ತುದಿಯಲ್ಲಿ ಇಟ್ಟೆ, ಹಣೆಯನ್ನು ಅವರೇ ನನ್ನ ಬೆರಳಿನ ಹತ್ತಿರ ತಂದರು.

ಪುಟ್ಟಿ ಅವಳ ಅಜ್ಜಿ ಜೊತೆ ಬಂದಳು. ರೇಷ್ಮೆ ಲಂಗ, ಕೈಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು. ನೀಡಿದ್ದು ಎಡಗೈ.

"ಏಯ್, ಬಲಗೈ!" ಅಜ್ಜಿ ಗದರಿದರು. "ಎಷ್ಟು ಸಲ ಹೇಳ್ಬೇಕು ನಿಂಗೆ?"

"ಆಂಟೀನೂ ಎಡಗೈನೇ ಅಲ್ವಾ ಅಜ್ಜಿ."

"ಆಂಟಿಗೆ ಕೈ ಮುರಿದಿದೆ. ನಿಂಗೇನಾಗಿದೆ?"

ನಾನು ಬಾಗಿ ಎಡಗೈ ಚಾಚಿದೆ. ಅವಳ ಎಡಗೈಯಿಂದ ನನ್ನ ಎಡಗೈಗೆ ಪೊಟ್ಟಣ ಬಂತು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅಂದಳು, ಅಜ್ಜಿ ಕಡೆ ನೋಡುತ್ತಾ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ.

ಆರು ವಾರ ತುಂಬಿದ ದಿನ ಪ್ಲಾಸ್ಟರ್ ಕತ್ತರಿಸಿದರು. ಗರ್ ಅನ್ನುವ ಚಕ್ರ ನೋಡಿ ಕಣ್ಣು ಮುಚ್ಚಿಕೊಂಡೆ. ಅದು ತಿರುಗುವುದಿಲ್ಲ, ನಡುಗುತ್ತದೆ ಅಷ್ಟೇ, ಗಟ್ಟಿಯಾದದ್ದು ಕತ್ತರಿಸುತ್ತದೆ, ಮೆತ್ತಗಿನ ಚರ್ಮಕ್ಕೆ ಏನೂ ಆಗುವುದಿಲ್ಲ ಅಂತ ತನ್ನ ಅಂಗೈಗೇ ತಾಗಿಸಿ ತೋರಿಸಿದ ಆ ಹುಡುಗ. ಪುಟ್ಟಿಯ ಬೆಕ್ಕು ಎರಡು ಹೋಳಾಯಿತು. ಒಳಗಿನಿಂದ ಬಂದ ಕೈ ನೋಡಿ ನನಗೇ ಅಯ್ಯೋ ಅನ್ನಿಸಿತು. ಸಣ್ಣಗೆ, ಬಿಳಿಚಿಕೊಂಡು, ಹಾವು ಪೊರೆ ಬಿಟ್ಟ ಹಾಗೆ ಚರ್ಮ ಉದುರುತ್ತಾ, ಬಳಸದ ಗೋಣಿಚೀಲದ ವಾಸನೆ. ಹಗುರವಾಗಿ, ಹಿಡಿತವಿಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು.

ಮುಗಿಯಿತು ಅಂದುಕೊಂಡಿದ್ದೆ. ಅರ್ಧ ಕೆಲಸ ಆಮೇಲಿನದು. ಮಣಿಕಟ್ಟು ಮರದ ಹಾಗೆ ಬಿಗಿದುಕೊಂಡಿತ್ತು. ಫಿಸಿಯೋಥೆರಪಿಯಲ್ಲಿ ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿಸುತ್ತಾರೆ, ಸ್ಪಂಜಿನ ಚೆಂಡು ಹಿಸುಕಿಸುತ್ತಾರೆ. ಮನೆಯಲ್ಲಿ ಚಪಾತಿ ಹಿಟ್ಟು ನಾದಿ ಅಂದರು. ಅಷ್ಟು ದಿನ ಮಾಡಬೇಡ ಅಂದದ್ದನ್ನೇ ಈಗ ಔಷಧಿ ಅಂತ ಬರೆದುಕೊಟ್ಟರು. ಬಗ್ಗಿಸುವುದು, ಎತ್ತುವುದು ಬೇಗ ಬಂತು. ಬಾರದೇ ಹೋದದ್ದು ಅಂಗೈ ಮೇಲೆ ಮಾಡುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಸೌಟು ಹಿಡಿದು, ಮೆಲ್ಲಗೆ ಹೊರಕ್ಕೆ ತಿರುಗಿಸಬೇಕು. ದಿನಕ್ಕೆ ಮೂರು ಸಲ. ಸೌಟಿನ ಭಾರವೇ ಕೈಯನ್ನು ತಿರುಗಿಸುತ್ತದೆ. ಕಣ್ಣಲ್ಲಿ ನೀರು ಬರುತ್ತದೆ.

ಅಂಗೈ ಮೇಲಾಗದಿದ್ದರೆ ಏನು ತೊಂದರೆ ಅಂತ ವೆಂಕಟರಮಣ ದೇವಸ್ಥಾನಕ್ಕೆ ಹೋದಾಗ ಗೊತ್ತಾಯಿತು. ಎಷ್ಟೋ ದಿನದ ಮೇಲೆ ಸೀರೆ ಉಟ್ಟು ಹೋಗಿದ್ದೆ. ಅರ್ಚಕರು ಉದ್ಧರಣೆಯಲ್ಲಿ ತೀರ್ಥ ತೆಗೆದು ನಿಂತರು. ಬಲಗೈ ಚಾಚಿದೆ. ಅಂಗೈ ಪಕ್ಕಕ್ಕೆ ತಿರುಗಿ ನಿಂತಿತು, ಮೇಲಾಗಲೊಲ್ಲದು. ಎಡಗೈಯನ್ನು ಅಡಿಗೆ ಕೊಟ್ಟು ಎತ್ತಿದೆ. ಆದರೂ ಓರೆ. ಅವರು ಒಂದು ಕ್ಷಣ ನೋಡಿದರು, ಏನೂ ಅನ್ನಲಿಲ್ಲ, ತಾವೇ ಸ್ವಲ್ಪ ಪಕ್ಕಕ್ಕೆ ವಾಲಿ ಹಾಕಿದರು. ಅರ್ಧ ಮಣಿಕಟ್ಟಿನ ಮೇಲೆ ಹರಿದು ಬ್ಲೌಸಿನ ತೋಳು ಸೇರಿತು. ಅರ್ಧ ಸಿಕ್ಕಿತು.

ಡಾಕ್ಟರು ಬಿಡುವ ಮೊದಲು ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಪರೀಕ್ಷೆ ಮಾಡಿಸಿದರು. ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದರೆ ಅದು ಎಷ್ಟೋ ಸಲ ಮೊದಲ ಎಚ್ಚರಿಕೆಯಂತೆ, ಸೊಂಟದ ಮೂಳೆ ಆಮೇಲಿನ ಸರದಿ. ಅದರಲ್ಲಿ ಟಿ-ಸ್ಕೋರ್ ಅನ್ನುವ ಅಂಕಿ ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದರೆ ಮೂಳೆ ಸವೆತ. ನನ್ನದು ಮೈನಸ್ 1.9. ವಿಟಮಿನ್ ಡಿ ಕಮ್ಮಿ. ಮಾತ್ರೆ, ನಡಿಗೆ, ಬಿಸಿಲು. ಬಾಗಿಲ ಮೆಟ್ಟಿಲ ಪಕ್ಕ ನಮ್ಮವರು ಒಂದು ಕಂಬಿ ಹಾಕಿಸಿದ್ದಾರೆ. ನೀರು ಹಾಕುವ ಕೆಲಸವನ್ನೂ ಅವರೇ ಇಟ್ಟುಕೊಂಡಿದ್ದಾರೆ, ಜಡೆ ಮಾತ್ರ ವಾಪಸ್ ಕೊಟ್ಟರು.

ಈಗ ಯುಗಾದಿ ಕಳೆದಿದೆ. ಮುದ್ದೆ ಉರುಟಾಗುತ್ತದೆ. ಸೀರೆ ನೆರಿಗೆ ಬರುತ್ತದೆ. ಒದ್ದೆ ಬೆಡ್‌ಶೀಟ್ ಹಿಂಡಲು ಇನ್ನೂ ಬರುವುದಿಲ್ಲ. ಸಂಜೆ ಪುಟ್ಟಿ ಬರುತ್ತಾಳೆ. ಮೊನ್ನೆ ಕವಡೆಯನ್ನು ಬಲಗೈಯಲ್ಲಿ ಎತ್ತಿಕೊಂಡೆ, ಮೂರು ಆಟ ಸೋತೆ. ಮತ್ತೆ ಎಡಗೈಗೇ ಕೊಟ್ಟಿದ್ದೇನೆ. ಬಲಗೈಗೆ ಬಾರ ಬೀಳುವುದೇ ಇಲ್ಲ.